ಇಂಪನಾಳ ಒಂಬತ್ತು ತಿಂಗಳ ಸೂಜಿ

ನವೆಂಬರ್ 3, ಸೋಮವಾರ

ಇಂಪನಾಗೆ ಇವತ್ತಿಗೆ ಒಂಬತ್ತು ತಿಂಗಳು ತುಂಬಿತು. ಬೇರೆಯವರ ಮನೆಯಲ್ಲಾದರೆ ಮಗುವಿಗೆ ಹೊಸ ಫ್ರಾಕು ತೊಡಿಸಿ, ಫೋಟೊ ತೆಗೆದು ಸ್ಟೇಟಸ್ ಹಾಕುತ್ತಾರೆ. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡು ಓಡಾಡುತ್ತಿದ್ದೇವೆ. ಒಂಬತ್ತು ತಿಂಗಳಿಗೆ ದಡಾರದ ಇಂಜೆಕ್ಷನ್ ಹಾಕಿಸಬೇಕು. ಆಶಾ ಕಾರ್ಯಕರ್ತೆ ಫೋನ್ ಮಾಡಿ, "ಗುರುವಾರ ಕರ್ಕೊಂಡ್ ಬನ್ನಿ ಮೇಡಂ" ಎಂದಳು. ನೋಡೋಣ ಎಂದೆ. ಈ 'ನೋಡೋಣ' ಹೇಳುವುದರಲ್ಲಿ ತುಮಕೂರಿನ ಈ ಇಡೀ ಶೆಟ್ಟಿಹಳ್ಳಿಯಲ್ಲೇ ನನ್ನನ್ನು ಮೀರಿಸುವವರಿಲ್ಲ.

ಇವರು ಕಾಲೇಜಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದರು. ಆಗ ವಿಷಯ ಎತ್ತಿದೆ.

"ಯಾವ ಇಂಜೆಕ್ಷನ್?"

"ದಡಾರದ್ದು."

"ಬೇಡ."

"ರೀ, ಡಾಕ್ಟ್ರು ಹೇಳ್ತಾರಲ್ಲ..."

"ಪ್ರಭುಗೆ ಹಾಕ್ಸಿದಾಗ್ಲೂ ಡಾಕ್ಟ್ರೇ ಹೇಳಿದ್ದು ರೂಪಾ. ಬೇಡ ಅಂದ್ನಲ್ಲ."

ಪಿಯು ಹುಡುಗರಿಗೆ ಫಿಸಿಕ್ಸ್ ಹೇಳುವ ಸಂಗಮೇಶ್ ಸರ್ ಸಾಮಾನ್ಯವಾಗಿ ಇಷ್ಟು ಚಿಕ್ಕ ಉತ್ತರ ಕೊಡುವವರಲ್ಲ. ನೀರು ಯಾಕೆ ಕುದಿಯುತ್ತದೆ ಎಂದು ಕೇಳಿದರೆ ಅರ್ಧ ಗಂಟೆ. ಇದೊಂದು ವಿಷಯಕ್ಕೆ ಮಾತ್ರ ಒಂದೇ ಪದ.

ಅವರ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ. ದೊಡ್ಡ ಮಗ ಪ್ರಭುವಿಗೆ ಒಂದೂವರೆ ವರ್ಷಕ್ಕೆ ಇದರ ಎರಡನೇ ಡೋಸ್ ಹಾಕಿಸಿದಾಗ ನಾನು ಹೆಬ್ಬೂರಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಇವರೇ ಎತ್ತಿಕೊಂಡು ಹೋಗಿದ್ದರು. ಮಗುವಿಗೆ ಜ್ವರ ಬಂತು, ಬಿಟ್ಟಿತು. ಆಮೇಲೆ ಇದ್ದ ನಾಲ್ಕು ಮಾತೂ ಒಂದೊಂದಾಗಿ ಹೋದವು. ಕರೆದರೆ ತಿರುಗುತ್ತಿರಲಿಲ್ಲ. ಆಟಿಸಂ ಎಂದರು. ಈಗ ಅವನಿಗೆ ಆರು ವರ್ಷ. ಸೂಜಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಇದೆ ಎಂದು ಇವರು ಹೇಳುತ್ತಾರೆ. ನನಗೆ ಡಾಕ್ಟರ ಮೇಲೆ ನಂಬಿಕೆ, ಇವರ ಮೇಲೆ ಕನಿಕರ, ಎರಡರ ಮಧ್ಯೆ ನನ್ನದೇ ಭಯ. ಒಂದನ್ನು ಕಳೆದುಕೊಂಡೆವು. ಇದೂ ಹಾಗೇ ಆದರೆ ನಾನು ಎದ್ದು ನಿಲ್ಲಲಾರೆ.

ಕಾರ್ತಿಕ ಸೋಮವಾರ. ದೀಪ ಹಚ್ಚುವುದು ಮರೆತೇಬಿಟ್ಟೆ.

ನವೆಂಬರ್ 5, ಬುಧವಾರ

ಮಧ್ಯಾಹ್ನ ಮಗು ಮಲಗಿದ್ದಾಗ ದೊಡ್ಡವನ ಮೊದಲ ವರ್ಷದ ಹುಟ್ಟುಹಬ್ಬದ ವಿಡಿಯೊ ಹಾಕಿಕೊಂಡು ನೋಡಿದೆ. ಯಾಕೆ ನೋಡಿದೆನೋ. ಗಾಯ ಕೆರೆದುಕೊಳ್ಳುವ ಚಾಳಿ. ಎಲ್ಲರೂ "ಪ್ರಭೂ, ಇಲ್ಲಿ ನೋಡೋ" ಎಂದು ಕೂಗುತ್ತಿದ್ದಾರೆ. ಅವನು ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತಿದ್ದಾನೆ. ಅವನ ಅಜ್ಜಿ ಕಿವಿಯ ಹತ್ತಿರವೇ ಗಿಲಕಿ ಆಡಿಸಿದರೂ ಫ್ಯಾನೇ. ಇದು ಒಂದೂವರೆ ವರ್ಷದ ಸೂಜಿಗೆ ಆರು ತಿಂಗಳು ಮುಂಚಿನದು.

ಸಂಜೆ ಇವರಿಗೆ ತೋರಿಸಿದೆ. ನೋಡುತ್ತಾ ನೋಡುತ್ತಾ ಅವರ ಮುಖದಲ್ಲಿ ನಗು ಬಂತು.

"ಎಷ್ಟ್ ಚೆನ್ನಾಗಿ ನಗ್ತಿದಾನೆ ನೋಡು."

"ರೀ, ಕರೆದ್ರೆ ತಿರುಗ್ತಿಲ್ಲ ಅವ್ನು. ಆಗ್ಲೇ ತಿರುಗ್ತಿಲ್ಲ."

ಮೊಬೈಲನ್ನು ನನ್ನ ಕೈಗೆ ವಾಪಸ್ ಕೊಟ್ಟು, "ಆ ಹೊತ್ತಿಗೆ ಒಂಬತ್ತು ತಿಂಗಳದ್ದು ಹಾಕ್ಸಿ ಆಗಿತ್ತಲ್ಲ" ಎಂದರು.

ನನಗೆ ಮೈ ಉರಿಯಿತು. ಎರಡನೆಯದಲ್ಲ ಎಂದರೆ ಮೊದಲನೆಯದು, ಮೊದಲನೆಯದಲ್ಲ ಎಂದರೆ ಹುಟ್ಟಿದ ದಿನದ್ದು, ಅದೂ ಅಲ್ಲವೆಂದರೆ ಕೊನೆಗೆ ನನ್ನ ಹೊಟ್ಟೆ ಇದ್ದೇ ಇದೆ. ಪಾತ್ರೆಗಳನ್ನು ಕುಕ್ಕಿದೆ.

ನವೆಂಬರ್ 6, ಗುರುವಾರ

ಗುರುವಾರ ಬಂತು, ಹೋಯಿತು. ಮಗುವಿಗೆ ನೆಗಡಿ ಎಂದು ಆಶಾಗೆ ಹೇಳಿದೆ. ನೆಗಡಿ ಇಲ್ಲ.

ನವೆಂಬರ್ 9, ಭಾನುವಾರ

ಗುಬ್ಬಿ ಹತ್ತಿರದ ಊರಿನಿಂದ ಅತ್ತೆ ಫೋನ್ ಮಾಡಿದ್ದರು. ಅವರು ಅಲ್ಲಿ ದೊಡ್ಡ ಮಗ, ಅಂದರೆ ನಮ್ಮ ಭಾವ ಚನ್ನೇಶ್ ಅವರ ಜೊತೆ ಇರುವುದು.

"ಮಾನಸಂಗೆ ಅಮ್ಮ ಬಂದವ್ಳೆ ಕಣಮ್ಮ. ಇನ್ನೇನು ಇಳೀತಾವ್ಳೆ. ಮಂಗ್ಳವಾರ ತಂಪು ಮಾಡ್ತೀವಿ. ಮಕ್ಳುನ್ ಕರ್ಕೊಂಡು ಬಂದ್ಬುಡಿ."

ಮಾನಸಾ ಭಾವನ ಮಗಳು. ನಾಲ್ಕು ವರ್ಷ. ಮಕ್ಕಳ ಮೈಮೇಲೆ ಗುಳ್ಳೆಯೋ ದದ್ದೋ ಎದ್ದರೆ ಆ ಮನೆಯಲ್ಲಿ ಅದು ಕಾಯಿಲೆಯಲ್ಲ, ಅಮ್ಮ ಬಂದ ಹಾಗೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಡಾಕ್ಟರ ಹತ್ತಿರ ಹೋಗುವುದಿಲ್ಲ. ಅಮ್ಮ ಇಳಿದ ಮೇಲೆ ಬೇವಿನ ನೀರು ಹುಯ್ದು, ಮೊಸರನ್ನದ ಎಡೆ ಇಟ್ಟು, ಊರ ಮಕ್ಕಳನ್ನೆಲ್ಲ ಕರೆದು ಉಣ್ಣಿಸುತ್ತಾರೆ. ಅದೇ ತಂಪು.

"ಇಷ್ಟ್ ಬೇಗ್ನಾ ಅತ್ತೆ?"

"ಮುಂದಿನ್ ಮಂಗ್ಳವಾರ ಅಂದ್ರೆ ಅಮಾಸೆ ಹತ್ರ ಬತ್ತದೆ. ಇನ್ನೊಂದ್ ಮಾತು ಕೇಳಿಲ್ಲಿ. ಅಮ್ಮ ಬಂದೋದ್ ಕೈ ಕಣಮ್ಮ ಅದು. ಆ ಕೈಯಾಗೆ ಪ್ರಭುಗೆ ಒಂದ್ ತುತ್ತು ತಿನ್ಸುದ್ರೆ ಮಾತು ಬತ್ತದೆ. ನಂಗೆ ಹಂಗೇ ಅನ್ಸದೆ."

ಯಾವ ಕಾಯಿಲೆ, ಎಷ್ಟು ಜ್ವರ ಎಂದು ನಾನು ಕೇಳಲಿಲ್ಲ. ಕೇಳಬಾರದು. ಕೇಳಿದರೆ ಅಮ್ಮನಿಗೆ ಕೋಪ, ಅದಕ್ಕಿಂತ ಮೊದಲು ಅತ್ತೆಗೆ. ಸೂಜಿಯ ವಿಷಯದಲ್ಲಿ ಪುರಾವೆ ಕೇಳುವ ನಮ್ಮ ಫಿಸಿಕ್ಸ್ ಸರ್ ಕೂಡ ಕೇಳಲಿಲ್ಲ. "ಹೋಗ್ಬರೋಣ, ಹಿರಿಯರ ಸಮಾಧಾನಕ್ಕೆ" ಎಂದರು. ಅಮ್ಮನ ಪ್ರಸಾದದಿಂದ ಮಾತು ಬರುತ್ತದೆ ಎಂಬುದನ್ನು ಅವರು ನಂಬುವುದಿಲ್ಲ. ಆದರೆ ಹೊರಡುವುದಕ್ಕೆ ಆತುರ ಮಾತ್ರ ಅವರದೇ ಜಾಸ್ತಿ ಇತ್ತು.

ನವೆಂಬರ್ 11, ಮಂಗಳವಾರ

ಹೋಗಿ ಬಂದೆವು. ಕೈಕಾಲು ಬಿದ್ದುಹೋಗಿವೆ, ಆದರೂ ಬರೆಯದೆ ಮಲಗಲಾರೆ.

ಮಾನಸಾಳನ್ನು ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿದ್ದರು. ಹಣೆತುಂಬ ವಿಭೂತಿ, ತಲೆ ಇನ್ನೂ ಒದ್ದೆ. ಕುತ್ತಿಗೆ, ಕೆನ್ನೆಯ ಮೇಲೆ ದದ್ದು ಕಪ್ಪಿಟ್ಟಿದೆ. ಕಣ್ಣು ಕೆಂಪು. ಬಿಡದೆ ಕೆಮ್ಮುತ್ತಿದ್ದಳು. "ಅಮ್ಮ ಇಳ್ದವ್ಳೆ, ಕೆಮ್ಮೊಂದು ಉಳ್ಕಂಡದೆ ಅಷ್ಟೇಯ" ಎಂದರು ಅತ್ತೆ. ಬೀದಿಯ ಮಕ್ಕಳೆಲ್ಲ ಎಲೆಯ ಮುಂದೆ ಕೂತಿದ್ದರು.

ಮನೆಯಲ್ಲಿ ಮೊಸರು ಕಂಡರೆ ಕಿರುಚುವ ಪ್ರಭು, ಅಲ್ಲಿ ಅವಳ ಕೈಯಿಂದ ತಿಂದ. ನಿಜವಾಗಿ ತಿಂದ. ಮಾನಸಾ ತುತ್ತು ಹಿಡಿದು, "ಆ ಅನ್ನು" ಎಂದಳು. ಬಾಯಿ ತೆರೆದ. ಅತ್ತೆ ಅವನ ಬಾಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಇವರು ಕಂಬಕ್ಕೆ ಒರಗಿ, ಮೊಬೈಲ್ ನೋಡುವ ಹಾಗೆ ನಟಿಸುತ್ತಾ ನೋಡುತ್ತಿದ್ದರು. ಮಾತೇನೂ ಬರಲಿಲ್ಲ. ಅವನು ಹಿತ್ತಾಳೆ ತಟ್ಟೆ ಎತ್ತಿಕೊಂಡು ನೆಲದ ಮೇಲೆ ಗಿರ್ರನೆ ತಿರುಗಿಸಿದ. ಅದು ನಿಲ್ಲುವವರೆಗೂ ನೋಡಿ ಮತ್ತೆ ತಿರುಗಿಸಿದ.

"ನಿಧಾನುಕ್ ಬತ್ತದೆ ಬುಡು" ಎಂದು ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು.

ಆಮೇಲೆ ಮಾನಸಾ, "ಚಿಕ್ಕಮ್ಮ, ಪಾಪು ಕೊಡಿ" ಎಂದು ತೊಡೆ ಅಗಲಿಸಿ ಕೂತಳು. ಇಂಪನಾಳನ್ನು ಮಲಗಿಸಿದೆ. ಮುಖಕ್ಕೆ ಮುಖ ಕೊಟ್ಟು ಮುದ್ದು ಮಾಡಿದಳು, ನಡುನಡುವೆ ಕೆಮ್ಮಿದಳು. ಚೆನ್ನಾಗಿ ಕಾಣುತ್ತಿದೆ ಎಂದು ನಾನು ಫೋಟೊ ಬೇರೆ ತೆಗೆದೆ.

ವಾಪಸ್ ಬರುವಾಗ ಕಾರಿನಲ್ಲಿ, ಈ ಗುರುವಾರವಾದರೂ ಸೂಜಿ ಹಾಕಿಸೋಣವೇ ಎಂದೆ. ಯಾಕೆ ಆ ಹೊತ್ತಿನಲ್ಲೇ ಕೇಳಿದೆನೋ. ಇವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಒಂದ್ ಮಗೂನ ಕಳ್ಕೊಂಡಿದ್ದು ಸಾಲ್ದಾ ನಿಂಗೆ?"

ಹಿಂದಿನ ಸೀಟಿನಲ್ಲಿ ಪ್ರಭು ಕಿಟಕಿಯ ಗಾಜಿಗೆ ಅಂಗೈ ಒತ್ತಿಕೊಂಡು ಕೂತಿದ್ದ. ಗಾಜು ನಡುಗುವುದು ಅವನಿಗೆ ಇಷ್ಟ. ಕೇಳಿಸಿತೋ ಇಲ್ಲವೋ. ಕೇಳಿಸದೆ ಏನು, ಅವನ ಕಿವಿಗೆ ಏನಾಗಿದೆ? ಬದುಕಿರುವ ಮಗುವನ್ನು ಕಳೆದುಕೊಂಡೆ ಎನ್ನಲು ಇವರಿಗೆ ಬಾಯಾದರೂ ಹೇಗೆ ಬಂತು?

ನವೆಂಬರ್ 12, ಬುಧವಾರ, ಕುಣಿಗಲ್

ಬೆಳಿಗ್ಗೆ ಇವರು ಕಾಲೇಜಿಗೆ ಹೋದ ಮೇಲೆ ಬ್ಯಾಗು ತುಂಬಿಕೊಂಡು ಇಬ್ಬರು ಮಕ್ಕಳ ಜೊತೆ ತವರಿಗೆ ಹೊರಟುಬಿಟ್ಟೆ. ಶಿಶುಪಾಲನಾ ರಜೆಯಲ್ಲಿದ್ದೇನೆ, ಯಾರನ್ನೂ ಕೇಳಬೇಕಿಲ್ಲ. ಇವರಿಗೆ ಮೆಸೇಜ್ ಹಾಕಿದೆ. "ಸರಿ" ಎಂದು ಒಂದೇ ಪದ. ಒಂದೇ ಪದದ ಮನುಷ್ಯ ಆಗಿಬಿಟ್ಟಿದ್ದಾರೆ.

ಕುಣಿಗಲ್ ಬಸ್ಸಿನಲ್ಲಿ ಪ್ರಭುವಿನ ಖುಷಿ ಹೇಳತೀರದು. ಕಿಟಕಿ ಪಕ್ಕದ ಸೀಟು, ಕೆಳಗೆ ಇಂಜಿನ್ನಿನ ನಡುಕ. ಹ್ಮ್ ಹ್ಮ್ ಎಂದು ಇಂಜಿನ್ನಿನ ಶ್ರುತಿಗೇ ಶ್ರುತಿ ಸೇರಿಸಿ ಹಾಡುತ್ತಿದ್ದ. ಡ್ರೈವರ್ ಗೇರ್ ಬದಲಿಸಿದರೆ ಇವನೂ ಬದಲಿಸುತ್ತಿದ್ದ. ಹೆಬ್ಬೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ನೋಡಿಯೇ ನೋಡಿದಳು.

"ಮಗೀಗೆ ಏನಾಗದೆ ತಾಯಿ?"

"ಏನೂ ಆಗಿಲ್ಲ. ಅವ್ನಿಗೆ ಬಸ್ ಅಂದ್ರೆ ಇಷ್ಟ."

ಹೆಬ್ಬೂರು ಬಸ್ಸಿನಲ್ಲಿ ಇಷ್ಟು ವರ್ಷ ಓಡಾಡಿದ್ದೇನೆ. ಅವನು ಜೊತೆಗಿದ್ದಾಗ ಯಾರಾದರೂ ಕೇಳಿದರೆ ಹುಷಾರಿಲ್ಲ ಎನ್ನುತ್ತಿದ್ದೆ. ಇವತ್ತು ತಲೆ ಕೆಟ್ಟಿತ್ತು, ಬಾಯಿಗೆ ಬಂದದ್ದು ಹೇಳಿದೆ.

ಅವ್ವ ಬಾಗಿಲಲ್ಲೇ ನನ್ನ ಮುಖ ನೋಡಿ, "ಜಗಳ್ವಾ?" ಎಂದಳು. ಇಲ್ಲ ಎಂದೆ. ನಂಬದೆ ಕಾಫಿ ಕೊಟ್ಟಳು.

ನವೆಂಬರ್ 13, ಗುರುವಾರ, ಕುಣಿಗಲ್

ಇವತ್ತಿನ ಅಕ್ಷರ ನನ್ನದೇ ಅಲ್ಲವೆನ್ನುವ ಹಾಗಿದೆ.

ಮಧ್ಯಾಹ್ನ ಇವರ ಫೋನ್. "ಮಾನಸಾನ ತುಮಕೂರಿಗೆ ಕರ್ಕೊಂಡ್ ಬಂದವ್ರೆ. ಆಸ್ಪತ್ರೇಲಿದೀನಿ. ಉಸ್ರಾಡಕ್ಕೆ ಒದ್ದಾಡ್ತಿದಾಳೆ. ಆಕ್ಸಿಜನ್ ಹಾಕವ್ರೆ. ದಡಾರ ಅಂತೆ ರೂಪಾ. ಎದೆಗೆ ಇಳ್ದು ನ್ಯುಮೋನಿಯಾ ಆಗ್ಬಿಟ್ಟಿದೆ."

ದಡಾರ. ನನ್ನ ಮೊಬೈಲಿನಲ್ಲಿ ಆ ಫೋಟೊ ಇದೆ.

"ಅವ್ಳಿಗೆ ಇಂಜೆಕ್ಷನ್ ಹಾಕ್ಸಿರ್ಲಿಲ್ವಾ?"

"ಒಂದೂ ಹಾಕ್ಸಿಲ್ಲ. ನಾನೇ ಅಣ್ಣಂಗೆ ಬೇಡ ಅಂದಿದ್ದೆ. ಪ್ರಭುದು ಗೊತ್ತಾದ್ ವರ್ಷಾನೇ ಅವ್ಳು ಹುಟ್ಟಿದ್ದು."

ಫೋನ್ ಇಟ್ಟೆ. ಇಟ್ಟ ತಕ್ಷಣ ಇಲ್ಲಿನ ಮಕ್ಕಳ ಡಾಕ್ಟರು ಅಂಜನಮೂರ್ತಿ ಅವರ ಕ್ಲಿನಿಕ್ಕಿಗೆ ಮಾಡಿದೆ. ಮಾನಸಾ ಜೊತೆ ಮಗು ಯಾವತ್ತು ಇತ್ತು ಎಂದು ಕೇಳಿದರು. ಮಂಗಳವಾರ ಮಧ್ಯಾಹ್ನ, ತಂಪಿನ ಊಟದಲ್ಲಿ ಎಂದೆ. "ಹಂಗಾದ್ರೆ ನಾಳೆ ಮಧ್ಯಾಹ್ನದೊಳಗೆ ಸೂಜಿ ಹಾಕ್ಸಿಬಿಡಿ. ಸೋಂಕು ತಗುಲಿ ಮೂರು ದಿನದೊಳಗೆ ಹಾಕಿದ್ರೆ ಕಾಯಿಲೆ ತಡೆಯೋ ಸಾಧ್ಯತೆ ಜಾಸ್ತಿ. ಆಮೇಲಾದ್ರೆ ನಾನು ಏನೂ ಹೇಳಕ್ಕಾಗಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ, ತರ್ಸಿ ಇಟ್ಟಿರ್ತೀನಿ."

ಇವರಿಗೆ ಹೇಳಿದೆ. "ನಾನು ಬರೋವರ್ಗೂ ಏನೂ ಮಾಡ್ಬೇಡ" ಎಂದರು.

ಆ ಹೊತ್ತಿನಿಂದ ಈ ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದೇನೆ. ಇಂಪನಾಳ ಹಣೆ ಮುಟ್ಟಿ ನೋಡುತ್ತೇನೆ, ಕೂರುತ್ತೇನೆ, ಏಳುತ್ತೇನೆ. ಹಾಕಿಸದಿದ್ದರೆ ಮಾನಸಾಳ ಹಾಗೆ. ಹಾಕಿಸಿದರೆ... ಎಂದು ಬರೆಯಲು ಹೋದೆ, ಮುಂದೆ ಬರೆಯಲಾಗಲಿಲ್ಲ. ಪ್ರಭು ಇಲ್ಲೇ ಅವ್ವನ ಬಟ್ಟೆ ಕ್ಲಿಪ್ಪುಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡುತ್ತಾ ಕೂತಿದ್ದಾನೆ. 'ಇವನ ಹಾಗೆ' ಎಂದು ಬರೆಯಬೇಕಿತ್ತು. ಇವನ ಹಾಗೆ ಆದರೆ ಏನು? ಕ್ಲಿಪ್ಪು ಜೋಡಿಸುತ್ತಾಳೆ. ಬಸ್ಸಿನ ಜೊತೆ ಹಾಡುತ್ತಾಳೆ. ನನಗೆ ಕಷ್ಟವಾಗುತ್ತದೆ, ಹೌದು, ತುಂಬ ಕಷ್ಟವಾಗುತ್ತದೆ. ಆದರೆ ಆಕ್ಸಿಜನ್ ಮಾಸ್ಕಿನೊಳಗೆ ಒದ್ದಾಡುವುದಿಲ್ಲವಲ್ಲ.

ಹತ್ತು ಗಂಟೆಗೆ ಹೋಗುತ್ತೇನೆ. ಇವರು ಬಂದರೂ ಸರಿ, ಬರದಿದ್ದರೂ ಸರಿ.

ನವೆಂಬರ್ 14, ಶುಕ್ರವಾರ, ಕುಣಿಗಲ್

ಹಾಕಿಸಿದೆ.

ಮಕ್ಕಳ ದಿನಾಚರಣೆ ಎಂದು ಕ್ಲಿನಿಕ್ಕಿಗೆಲ್ಲ ಬಲೂನು ಕಟ್ಟಿದ್ದರು. ಸೂಜಿ ಚುಚ್ಚುವ ಜಾಗದಲ್ಲಿ ಮಕ್ಕಳ ದಿನಾಚರಣೆ, ಮಕ್ಕಳಿಗೆ ಗೊತ್ತಾದರೆ ಡಾಕ್ಟರಿಗೆ ಹೊಡೆಯುತ್ತವೆ. ಅವ್ವ ಪ್ರಭುವಿನ ಕೈ ಹಿಡಿದಿದ್ದಳು. ನಮ್ಮ ಸರದಿ ಬಂದು ಒಳಗೆ ಕೂತಾಗ ಇವರು ಬಾಗಿಲಲ್ಲಿ ಬಂದು ನಿಂತರು. ಗಡ್ಡ ಬಿಟ್ಟು, ನಿನ್ನೆಯ ಅಂಗಿಯಲ್ಲೇ. ಆಸ್ಪತ್ರೆಯಿಂದ ನೇರ ಬಂದಿದ್ದರು.

"ರೂಪಾ, ಒಂದ್ ನಿಮಿಷ ಆಚೆ ಬಾ."

"ಇಲ್ಲೇ ಹೇಳಿ."

ಡಾಕ್ಟರ ಕಡೆ ತಿರುಗಿದರು. "ಸರ್, ನನ್ ಮಗನಿಗೆ ಇದೇ ಸೂಜಿ ಆದ್ಮೇಲೆ ಮಾತು ನಿಂತ್ಹೋಯ್ತು. ನನ್ ಕಣ್ಣಾರೆ ನೋಡಿದೀನಿ."

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. "ನೀವು ನೋಡಿದ್ದು ನಿಜ ಸರ್. ಸೂಜಿ ಆಯ್ತು, ಆಮೇಲೆ ಮಾತು ಹೋಯ್ತು. ಆದ್ರೆ ಆಟಿಸಂ ಗೊತ್ತಾಗೋ ವಯಸ್ಸೂ ಅದೇ, ಈ ಸೂಜಿ ಹಾಕೋ ವಯಸ್ಸೂ ಅದೇ. ಎಷ್ಟೋ ದೇಶದಲ್ಲಿ ಸೂಜಿ ಹಾಕಿಸ್ಕೊಂಡ್ ಮಕ್ಳನ್ನೂ ಹಾಕಿಸ್ಕೊಳ್ದೇ ಇರೋ ಮಕ್ಳನ್ನೂ ಲಕ್ಷಗಟ್ಲೆ ನೋಡವ್ರೆ. ಎರಡು ಕಡೇನೂ ಆಟಿಸಂ ಅಷ್ಟೇ ಇದೆ. ಸಂಬಂಧ ಇದ್ದಿದ್ರೆ ಇಷ್ಟೊತ್ತಿಗೆ ಸಿಗ್ತಿತ್ತು."

"ನಂಗ್ಯಾಕೆ ನಂಬಿಕೆ ಬರ್ತಿಲ್ಲ ಸರ್?"

"ಅದಕ್ಕೆ ನನ್ ಹತ್ರ ಔಷಧಿ ಇಲ್ಲ. ದಡಾರಕ್ಕಿದೆ."

ಮತ್ತೆ ಪ್ರಭುವನ್ನು ನೋಡಿ ಕೇಳಿದರು. "ಇವ್ನೂ ಆ ಹುಡುಗಿ ಜೊತೆ ಇದ್ನಾ?"

"ಅವ್ಳೇ ಕೈಯಾರೆ ಅನ್ನ ತಿನ್ಸಿದ್ಲು" ಎಂದೆ.

"ಇವ್ನಿಗೆ ಎರಡೂ ಡೋಸ್ ಆಗಿದೆಯಾ?"

"ಆಗಿದೆ."

"ಹಂಗಾದ್ರೆ ಇವ್ನ ಚಿಂತೆ ಬಿಡಿ. ಆ ತಂಪಿಗೆ ಹೋದ ನಿಮ್ಮನೆ ಮಕ್ಕಳಲ್ಲಿ ಧೈರ್ಯವಾಗಿ ಹೇಳಬಹುದಾಗಿರೋದು ಇವ್ನೊಬ್ಬನ ವಿಷಯಾನೇ."

ಇವರು ಗೋಡೆ ಹಿಡಿದುಕೊಂಡು ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಆರು ವರ್ಷದ ಮಗನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಇಂಪನಾಳ ಕಾಲು ಹಿಡಿದುಕೊಂಡೆ. ಅವಳು ಕಿರುಚಿದಾಗ ಪ್ರಭು ಕಿವಿ ಮುಚ್ಚಿಕೊಂಡ. ಇವರೂ ಕಣ್ಣು ಮುಚ್ಚಿಕೊಂಡಿದ್ದರು. ಮೂವರನ್ನೂ ನೋಡಿ ನನಗೆ ಅಯ್ಯೋ ಎನ್ನಿಸಿತು.

ನವೆಂಬರ್ 17, ಸೋಮವಾರ

ತುಮಕೂರಿಗೆ ವಾಪಸ್ ಬಂದೆವು. ಸಂಜೆ ಮಕ್ಕಳನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಆಸ್ಪತ್ರೆಗೆ ಹೋದೆವು. ಮಾನಸಾಳನ್ನು ಗಾಜಿನಾಚೆಯಿಂದ ನೋಡಿದೆ. ಆ ಪುಟ್ಟ ಎದೆ ಒಳಕ್ಕೆ ಹೋಗುವುದು, ಬರುವುದು. ಅತ್ತೆ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ನಾನೇ ಕರುದ್ನಲ್ಲಮ್ಮ ಮಕ್ಳುನ್ನ" ಎಂದು ಅತ್ತರು. ಬಯ್ಯಬೇಕೆಂದು ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಬಂದಿದ್ದೆ. ಹೋಗಿ ಪಕ್ಕದಲ್ಲಿ ಕೂತೆ.

ಮೆಟ್ಟಿಲ ಹತ್ತಿರ ಭಾವ ನಿಂತಿದ್ದರು. ಹೊಲ ಮನೆ ಬಿಟ್ಟು ಐದು ದಿನದಿಂದ ಅಲ್ಲೇ. ಇವರು ಹತ್ತಿರ ಹೋಗಿ, "ಅಣ್ಣಾ" ಎಂದರು. ಭಾವ ಬಯ್ಯಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ನಂಗೇನ್ ಗೊತ್ತಾಯ್ತಿತ್ತಲಾ. ಆಸ್ಪತ್ರೆಯೋರು ಹಾಕ್ಸು ಅಂದ್ರು, ನೀನು ಬ್ಯಾಡ ಅಂದೆ. ನೀನು ಓದ್ದೋನು ಅಂತ ನಿನ್ ಮಾತ್ ಕೇಳ್ದೆ ಕಣಾ."

ಅಷ್ಟೇ ಹೇಳಿ ಕ್ಯಾಂಟೀನಿನ ಕಡೆ ನಡೆದರು. ಇವರು ಮೆಟ್ಟಿಲ ಮೇಲೆಯೇ ನಿಂತಿದ್ದರು. ಜನ ಹತ್ತುವವರು, ಇಳಿಯುವವರು "ಸ್ವಲ್ಪ ಜರುಗಿ" ಎನ್ನುತ್ತಿದ್ದರು. ಕೊನೆಗೆ ನಾನೇ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡೆ.

ನವೆಂಬರ್ 19, ಬುಧವಾರ

ಇಂಪನಾ ಚೆನ್ನಾಗಿದ್ದಾಳೆ. ಚೆನ್ನಾಗಿಲ್ಲದಿರುವವರು ಇವರು. ಅಡುಗೆಮನೆಯಿಂದ, ಬಾಗಿಲ ಹಿಂದಿನಿಂದ, ಸ್ನಾನದ ಮನೆಯಿಂದ "ಇಂಪೂ, ಇಂಪೂ" ಎಂದು ಕರೆಯುವುದು, ಅವಳು ತಿರುಗುತ್ತಾಳೋ ಇಲ್ಲವೋ ಎಂದು ನೋಡುವುದು. ತಿರುಗಿದರೆ ಉಸಿರು ಬಿಡುವುದು. ಇನ್ನೊಂದು ಗಳಿಗೆಗೆ ಮತ್ತೆ ಶುರು. ಮಗುವಿಗೆ ಇದು ಆಟವಾಗಿದೆ. ನನಗೆ ತಲೆ ಸಿಡಿಯುತ್ತಿದೆ.

ನವೆಂಬರ್ 22, ಶನಿವಾರ

ಜ್ವರ.

ಬೆಳಿಗ್ಗೆ ಎತ್ತಿಕೊಂಡಾಗಲೇ ಮೈ ಕಾದ ಹಂಚಾಗಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಸೂಜಿಯಿಂದಲೂ ಈ ಹೊತ್ತಿಗೆ ಜ್ವರ ಬರಬಹುದು, ದಡಾರವಾದರೂ ಈ ಹೊತ್ತಿಗೇ ಶುರುವಾಗಬಹುದು, ಕಣ್ಣು ಕೆಂಪಾದರೆ, ದದ್ದು ಹರಡಿದರೆ, ಕೆಮ್ಮು ಜಾಸ್ತಿಯಾದರೆ ಕರೆದುಕೊಂಡು ಬನ್ನಿ ಎಂದರು. ಕಾಯಿರಿ ಎಂದು ಅರ್ಥ. ಕಾಯುವುದು ನನ್ನ ಕೈಲಾಗದು.

ಇವರು ಕಾಲೇಜಿಗೆ ಹೋಗಲಿಲ್ಲ. "ಪ್ರಭುಗೂ ಹಿಂಗೇ ಜ್ವರ ಬಂದಿದ್ದು" ಎಂದು ಒಂದು ಸಲ ಅಂದರು. ಒಬ್ಬೊಬ್ಬರು ಒಂದೊಂದು ಕಾಯಿಲೆಯನ್ನು ಕಾಯುತ್ತಿದ್ದೇವೆ. ನಾನು ಅವಳ ಮೈಮೇಲೆ ದದ್ದು ಹುಡುಕುತ್ತೇನೆ, ಇವರು ಅವಳ ಕಣ್ಣಿನಲ್ಲಿ ಪ್ರಭುವನ್ನು ಹುಡುಕುತ್ತಾರೆ. ಪ್ರಭು ಮಾತ್ರ ಒದ್ದೆ ಬಟ್ಟೆಯನ್ನು ಬಟ್ಟಲಲ್ಲಿ ಅದ್ದಿ ಅದ್ದಿ ನನಗೆ ಕೊಡುತ್ತಿದ್ದ. ಹಿಂಡುವುದು ಗೊತ್ತಿಲ್ಲ, ನೀರು ಸುರಿಯುತ್ತಿತ್ತು. ಹಾಸಿಗೆಯೆಲ್ಲ ಒದ್ದೆ. ಆ ಒಂದು ಕೆಲಸವಾದರೂ ನಡೆಯುತ್ತಿದೆ ಎನ್ನಿಸಿ ಬೇಡವೆನ್ನಲಿಲ್ಲ.

ನವೆಂಬರ್ 24, ಸೋಮವಾರ

ಜ್ವರ ಬಿಟ್ಟಿತು. ದದ್ದು ಇಲ್ಲ. ಮೊಲೆ ಕಚ್ಚಿದಳು, ಎಂಥ ಚೆನ್ನಾಗಿ ಕಚ್ಚಿದಳು.

ಇವರು ತೊಟ್ಟಿಲ ಹಿಂದೆ ನಿಂತು "ಇಂಪೂ" ಎಂದರು. ತಿರುಗಿ ನಕ್ಕಳು. ಇವರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನಲ್ಲಿ ಬಿಟ್ಟರೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ, ಫಿಸಿಕ್ಸ್ ಓದಿದವರು.

ನವೆಂಬರ್ 30, ಭಾನುವಾರ

ಭಯದ ದಿನಗಳು ಕಳೆದವು ಎಂದು ಡಾಕ್ಟರು ಹೇಳಿದರು. ಮಾನಸಾ ನಿನ್ನೆ ಮನೆಗೆ ಹೋದಳು. ಕಡ್ಡಿಯಾಗಿದ್ದಾಳೆ. ಒಂದು ಕಿವಿ ಸೋರುತ್ತಿದೆ, ಆ ಕಡೆ ಸರಿಯಾಗಿ ಕೇಳಿಸುತ್ತಿಲ್ಲ, ಮುಂದೆ ನೋಡೋಣ ಎಂದಿದ್ದಾರೆ. ಬೀದಿಯ ಮಕ್ಕಳಲ್ಲಿ ಸೂಜಿ ಹಾಕಿಸದಿದ್ದ ಇನ್ನೊಂದಕ್ಕೂ ಬಂದಿದೆಯಂತೆ. ಭಾವ ಇವರ ಫೋನ್ ಎತ್ತುತ್ತಾರೆ, ಹ್ಞೂ ಎನ್ನುತ್ತಾರೆ, ಇಡುತ್ತಾರೆ. ಮೊದಲಿನ ಹಾಗೆ ಆಗಲು ಎಷ್ಟು ಕಾಲ ಬೇಕೋ ಗೊತ್ತಿಲ್ಲ.

ಮಧ್ಯಾಹ್ನ ಊಟಕ್ಕೆ ಮುಂಚೆ ನಾನು ಹಜಾರದಲ್ಲಿ ಇಂಪನಾಗೆ ರಾಗಿ ಸರಿ ತಿನ್ನಿಸುತ್ತಿದ್ದೆ. ಪ್ರಭು ನೆಲದ ಮೇಲೆ ತನ್ನ ಕೆಲಸದಲ್ಲಿದ್ದ. ಇವರು ಪೇಪರು ಹಿಡಿದು ಕೂತಿದ್ದವರು ಇದ್ದಕ್ಕಿದ್ದಂತೆ "ಪ್ರಭೂ" ಎಂದು ಕರೆದರು. ಈ ಮನೆಯಲ್ಲಿ ಬರೀ ಇಂಪೂ ಇಂಪೂ ಕೇಳಿ ಕೇಳಿ ನನಗೇ ಒಂದು ಗಳಿಗೆ ಯಾರನ್ನು ಕರೆದರೆಂದು ತಿಳಿಯಲಿಲ್ಲ. ಅವನು ತಿರುಗಲಿಲ್ಲ. ಇನ್ನೊಮ್ಮೆ ಕರೆಯುತ್ತಾರೆ, ಚಪ್ಪಾಳೆ ತಟ್ಟುತ್ತಾರೆ ಎಂದುಕೊಂಡೆ. ಇಲ್ಲ. ಪೇಪರು ಮಡಿಸಿಟ್ಟು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತರು. ಅವನು ಸ್ವಲ್ಪ ಜರುಗಿ ಜಾಗ ಕೊಟ್ಟ.

ಅಷ್ಟರಲ್ಲಿ ಇವರ ಫೋನ್ ರಿಂಗಾಯಿತು. ಯಾರೋ ಪರಿಚಯದವರು ನಂಬರ್ ಕೊಟ್ಟರೆಂದು ಮಾಡಿದ ಊರ್ಡಿಗೆರೆ ಕಡೆಯ ಅಪರಿಚಿತ. ಇಂಥ ಫೋನುಗಳು ಇವರಿಗೆ ಆಗಾಗ ಬರುತ್ತಿರುತ್ತವೆ. ಸ್ಪೀಕರಿನಲ್ಲಿತ್ತು.

"ಸರ್, ನಮ್ ಮಗೀಗೆ ಒಂಬತ್ ತಿಂಗ್ಳು. ದಡಾರದ್ ಸೂಜಿ ಹಾಕ್ಸು ಅಂತವ್ರೆ. ನಿಮ್ ಮಗಂಗೆ ಹಿಂಗಾಯ್ತು, ನಿಮಗೆ ಚೆನ್ನಾಗ್ ಗೊತ್ತು ಅಂದ್ರು. ಹಾಕ್ಸಾದಾ ಬ್ಯಾಡ್ವಾ?"

ನನ್ನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ಇವರು ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹಾಕ್ಸಿ."

"ಅಲ್ಲ ಸರ್, ನೀವೇ ಹಾಕ್ಸಬ್ಯಾಡಿ ಅಂತೀರಾ ಅಂದ್ರು..."

"ಅಂತಿದ್ದೆ. ನನ್ ಮಾತು ಕೇಳಿ ನಮ್ಮಣ್ಣನ ಮಗು ಸಾಯೋಕ್ ಹೋಗಿತ್ತು. ನನ್ ಮಗಳಿಗೆ ಹಾಕ್ಸಿದೀನಿ. ಭಯ ಆಗುತ್ತೆ, ನಂಗಿನ್ನೂ ಆಗುತ್ತೆ. ಭಯ ಆದ್ರೂ ಹಾಕ್ಸಿ."

ಆ ಕಡೆಯವನಿಗೆ ಸಮಾಧಾನವಾಗಲಿಲ್ಲ. ಹಿಂದುಮುಂದು ನೋಡುತ್ತಾ ಕೇಳಿದ. "ಮತ್ತೆ ನಿಮ್ ದೊಡ್ಮಗ ಸರ್? ಕಳ್ಕೊಂಡ್ರಿ ಅಂದ್ರು?"

ಇವರು ಪ್ರಭುವಿನ ಕಡೆ ನೋಡಿದರು. ನೋಡುತ್ತಲೇ ಇದ್ದರು. ಆ ಮನುಷ್ಯ "ಹಲೋ, ಹಲೋ" ಎಂದ.

"ಇಲ್ಲ ಸ್ವಾಮಿ. ನನ್ ಪಕ್ಕದಲ್ಲೇ ಕೂತವ್ನೆ."

ಫೋನ್ ಇಟ್ಟ ಮೇಲೆ ಅಪ್ಪ ಮಗ ಇಬ್ಬರೂ ಅಲ್ಲೇ ಕೂತಿದ್ದರು. ಅನ್ನ ಆರುತ್ತಿತ್ತು. ನಾನು ಕರೆಯಲಿಲ್ಲ.